ಕಾಲೇಜಿನ ಪಾಠ, ಕಂಪನಿಯ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜಿನವರನ್ನೂ ಕಂಪನಿಯವರನ್ನೂ ಒಂದೇ ಮೇಜಿಗೆ ಕೂರಿಸುವ ಕೆಲಸ ಮಾಡುವವರಿಗೆ ಕೆಲವು ಪ್ರಶ್ನೆಗಳು ತಪ್ಪದೆ ಎದುರಾಗುತ್ತವೆ. ಸಭೆ ಮುಗಿದು ಬಾಗಿಲ ಹತ್ತಿರ ನಿಂತಾಗ ಕೇಳಿದವು, ಪತ್ರದಲ್ಲಿ ಬಂದವು, ಕೊಂಚ ಸಿಟ್ಟಿನಲ್ಲಿ ಕೇಳಿದವು, ಎಲ್ಲ ಇಲ್ಲಿವೆ. ಸುಲಭದ್ದು ಮೊದಲು, ತಲೆ ಕೆಡಿಸುವಂಥದ್ದು ಆಮೇಲೆ.

## ಶುರುವಿನ ಪ್ರಶ್ನೆಗಳು

ಕಾಲೇಜು ಇರೋದು ಕಲಿಸೋಕೆ, ಕಂಪನಿ ಇರೋದು ದುಡಿಯೋಕೆ. ಎರಡನ್ನೂ ಯಾಕೆ ಬೆರೆಸಬೇಕು?

ಬೆರೆಸಬೇಕಾಗಿಲ್ಲ. ಇಬ್ಬರ ಕೆಲಸವೂ ಬೇರೆಯೇ. ಆದರೆ ಅದೇ ಹುಡುಗ ಹುಡುಗಿಯರು ಇಬ್ಬರ ಕೈಯಲ್ಲೂ ಹಾದು ಹೋಗುತ್ತಾರೆ ಅಲ್ವಾ? ಮೋಟರಿನ ಬಗ್ಗೆ ಎರಡು ವರ್ಷ ಓದಿದವರು ಕೆಲಸಕ್ಕೆ ಸೇರಿದ ಮೊದಲ ವಾರ ಸುಟ್ಟ ಮೋಟರಿನ ಮುಂದೆ ನಿಂತು, ಎಲ್ಲಿಂದ ಶುರು ಮಾಡಬೇಕು ಅಂತ ತೋಚದೆ ಕಂಗಾಲಾಗುತ್ತಾರೆ. ಅವರು ಓದಿದ್ದು ಸುಳ್ಳಲ್ಲ, ಅಷ್ಟೇ ಸಾಲದು. ಈ ಕೊರತೆಯನ್ನು ಕಾಲೇಜು ಒಂದೇ ತುಂಬಲಾರದು, ಅಲ್ಲಿ ದಿನಕ್ಕೊಂದು ಮೋಟರ್ ಸುಡುವುದಿಲ್ಲ. ಕಂಪನಿಯೂ ಒಂದೇ ತುಂಬಲಾರದು, ಅಲ್ಲಿ ಯಂತ್ರ ನಿಲ್ಲಿಸಿ ಓಮನ ನಿಯಮ ಹೇಳಿಕೊಡಲು ಯಾರಿಗೂ ಪುರುಸೊತ್ತಿಲ್ಲ.

ಇದೆಲ್ಲ ಈಚೆಗೆ ಶುರುವಾದ ಫ್ಯಾಷನ್ ಅಲ್ವಾ?

ನೂರು ವರ್ಷಕ್ಕಿಂತ ಹಳೆಯದು. 1906ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಎಂಬ ಪ್ರಾಧ್ಯಾಪಕರು 27 ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಒಂದು ಪ್ರಯೋಗ ಮಾಡಿದರು. ವಿದ್ಯಾರ್ಥಿಗಳು ಒಂದು ವಾರ ಕ್ಲಾಸಿಗೆ, ಮುಂದಿನ ವಾರ ಕಾರ್ಖಾನೆಗೆ. ಒಂದು ಗುಂಪು ಪಾಠ ಕೇಳುವಾಗ ಇನ್ನೊಂದು ಗುಂಪು ಯಂತ್ರದ ಮುಂದೆ. ಹಾಗಾಗಿ ಕಾರ್ಖಾನೆಯಲ್ಲಿ ಆ ಜಾಗ ಯಾವತ್ತೂ ಖಾಲಿ ಬೀಳುತ್ತಿರಲಿಲ್ಲ. ಕೋ-ಆಪ್ ಅನ್ನುವ ಪದ್ಧತಿ ಹುಟ್ಟಿದ್ದು ಹೀಗೆ. 1957ರಲ್ಲಿ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯ ಇದೇ ಪದ್ಧತಿಯನ್ನೇ ನಂಬಿಕೊಂಡು ಶುರುವಾಯಿತು.

ನನಗೆ ಇದರಲ್ಲಿ ಇಷ್ಟವಾಗುವುದು ಆ ಜೋಡಿ ಲೆಕ್ಕಾಚಾರ. ಶ್ನೈಡರ್ ಕಾರ್ಖಾನೆಯವರಿಗೆ 'ದೇಶಕ್ಕಾಗಿ ಸಹಾಯ ಮಾಡಿ' ಎಂದು ಭಾಷಣ ಮಾಡಿ ಸುಮ್ಮನಾಗಲಿಲ್ಲ. ಅವರ ಕೆಲಸ ನಿಲ್ಲದ ಹಾಗೆ ವೇಳಾಪಟ್ಟಿ ಮಾಡಿದರು.

ಇಂಟರ್ನ್‌ಶಿಪ್, ಅಪ್ರೆಂಟಿಸ್, ಕೋ-ಆಪ್, ಎಲ್ಲಾ ಒಂದೇ ತಾನೆ?

ಅಲ್ಲ. ಇಂಟರ್ನ್‌ಶಿಪ್ ಎಂದರೆ ಕೆಲವು ವಾರ ಅಥವಾ ತಿಂಗಳ ಭೇಟಿ, ಮುಗಿಸಿ ಬರುವುದು. ಕೋ-ಆಪ್‌ನಲ್ಲಿ ಓದು ಮತ್ತು ಕೆಲಸ ಸರದಿಯ ಮೇಲೆ ಮತ್ತೆ ಮತ್ತೆ ಬರುತ್ತವೆ. ಅಪ್ರೆಂಟಿಸ್ ಎಂದರೆ ಮೊದಲ ದಿನದಿಂದಲೇ ಕಂಪನಿಯ ಜೊತೆ ಕರಾರು ಮಾಡಿಕೊಂಡು, ಕೆಲಸ ಮಾಡುತ್ತಲೇ ಒಂದು ಕಸುಬನ್ನು ಪೂರ್ತಿ ಕಲಿಯುವವರು. ಜರ್ಮನಿಯಲ್ಲಿ ಇದು ಸಾಮಾನ್ಯವಾಗಿ 2ರಿಂದ 3.5 ವರ್ಷ. ವಾರದಲ್ಲಿ ಮೂರ್ನಾಲ್ಕು ದಿನ ಕಂಪನಿ, ಒಂದೆರಡು ದಿನ ಶಾಲೆ, ತಿಂಗಳಿಗೆ ಸಂಬಳ.

ಕಂಪನಿ ಜೊತೆ ಎಂಒಯುಗೆ (ಒಡಂಬಡಿಕೆ ಪತ್ರಕ್ಕೆ) ಸಹಿ ಹಾಕಿದ್ವಿ, ಫೋಟೊನೂ ತೆಗೆಸ್ಕೊಂಡ್ವಿ. ಒಂದು ವರ್ಷ ಆಯ್ತು, ಏನೂ ಆಗಿಲ್ಲ. ಎಲ್ಲಿ ತಪ್ಪಿದ್ವಿ?

ಆ ಕಾಗದವನ್ನು ಮತ್ತೊಮ್ಮೆ ಓದಿ ನೋಡಿ. ಅದರಲ್ಲಿ 'ಸಹಕರಿಸುವುದು', 'ಉತ್ತೇಜಿಸುವುದು', 'ಶ್ರಮಿಸುವುದು' ಎಂಬಂಥ ಪದಗಳೇ ತುಂಬಿದ್ದರೆ ಕಾರಣ ಅಲ್ಲೇ ಸಿಗುತ್ತದೆ. ಸಹಿ ಹಾಕಿದವರು ಇಬ್ಬರೂ ದೊಡ್ಡವರು. ಮರುದಿನ ಯಾರು ಯಾರಿಗೆ ಫೋನ್ ಮಾಡಬೇಕು ಅಂತ ಯಾರೂ ಬರೆದಿಲ್ಲ.

ನಾನೂ ಒಮ್ಮೆ ಹೀಗೆ ಏಮಾರಿದ್ದೇನೆ. ಒಂದು ದೊಡ್ಡ ಕಂಪನಿಯ ಜೊತೆ ಹನ್ನೊಂದು ಪುಟದ ಒಡಂಬಡಿಕೆ ಆಯಿತು. ನಮ್ಮ ಜೊತೆ ಮಾತಾಡುತ್ತಿದ್ದ ಅಧಿಕಾರಿ ಎರಡೇ ತಿಂಗಳಲ್ಲಿ ಬೇರೆ ಕಡೆ ಹೋದರು. ಅವರ ಜಾಗಕ್ಕೆ ಬಂದವರಿಗೆ ಅಂಥದ್ದೊಂದು ಕಾಗದ ಇರುವುದೇ ಗೊತ್ತಿರಲಿಲ್ಲ. ಈಗ ನಾನು ನೋಡುವುದು ಒಂದೇ: ಕಂಪನಿ ತನ್ನ ಜೇಬಿನಿಂದ ಏನು ಹಾಕುತ್ತಿದೆ? ಒಬ್ಬ ಅನುಭವಿ ಕೆಲಸಗಾರರ ವಾರಕ್ಕೆ ನಾಲ್ಕು ಗಂಟೆಯೋ, ಆರು ಅಪ್ರೆಂಟಿಸ್ ಸೀಟೋ, ಒಂದು ಯಂತ್ರವೋ, ಸ್ಟೈಪೆಂಡೋ, ಯಾವುದಾದರೂ ಸರಿ. ಖರ್ಚೇ ಇಲ್ಲದ ಕಡೆ ಆಸಕ್ತಿಯೂ ಇರುವುದಿಲ್ಲ. ಒಂದೇ ಪುಟ ಸಾಕು, ಆದರೆ ಅದರಲ್ಲಿ ಹೆಸರು, ಗಂಟೆ, ತಾರೀಕು ಇರಲಿ.

## ಕಾಲೇಜಿನ ಕಡೆಯಿಂದ

'ನಿಮಗೆ ಎಂಥವರು ಬೇಕು' ಅಂತ ಕೇಳಿದ್ರೆ 'ಒಳ್ಳೆ ಕಮ್ಯುನಿಕೇಷನ್, ಟೀಮ್‌ವರ್ಕ್' ಅಂತಾರೆ. ಇಷ್ಟರಲ್ಲಿ ಸಿಲಬಸ್ ಹೇಗೆ ಮಾಡೋದು?

ಮಾಡಲು ಆಗುವುದಿಲ್ಲ. ತಪ್ಪು ಅವರದ್ದಲ್ಲ, ಪ್ರಶ್ನೆಯದ್ದು. ಎಂಥವರು ಬೇಕು ಎಂದು ಕೇಳಿದರೆ ಮದುವೆಗೆ ವರ ಹುಡುಕುವವರ ಉತ್ತರವೇ ಬರುತ್ತದೆ: ಒಳ್ಳೆಯವರು, ಹೊಂದಿಕೊಂಡು ಹೋಗುವವರು. ಅದನ್ನು ಬಿಟ್ಟು, ಕೆಲಸ ತೋರಿಸಿ ಎಂದು ಕೇಳಿ.

ಇದಕ್ಕೆ ಡಾಕಮ್ ಎಂಬ ಹಳೆಯ ಪದ್ಧತಿಯಿದೆ, 1960ರ ದಶಕದಲ್ಲಿ ಕೆನಡಾದಲ್ಲಿ ರೂಪುಗೊಂಡದ್ದು. ಆ ಕೆಲಸವನ್ನು ದಿನಾ ಮಾಡುವ, ಚೆನ್ನಾಗಿ ಮಾಡುವ ಐದರಿಂದ ಹನ್ನೆರಡು ಜನರನ್ನು ಸುಮಾರು ಎರಡು ದಿನ ಒಂದು ಕೋಣೆಯಲ್ಲಿ ಕೂರಿಸುತ್ತಾರೆ. ಮ್ಯಾನೇಜರ್‌ಗಳಲ್ಲ, ಎಚ್‌ಆರ್ ಅಲ್ಲ, ಕೆಲಸ ಮಾಡುವವರೇ. ನಡೆಸಿಕೊಡುವವರು ಒಬ್ಬರು ಇರುತ್ತಾರೆ. 'ಬೆಳಿಗ್ಗೆ ಬಂದ ತಕ್ಷಣ ಏನು ಮಾಡ್ತೀರಿ? ಆಮೇಲೆ? ಅದು ಕೆಟ್ಟರೆ?' ಹೀಗೆ ಕೇಳುತ್ತಾ, ಬಂದ ಉತ್ತರಗಳನ್ನು ಚೀಟಿಗಳಲ್ಲಿ ಬರೆದು ಗೋಡೆಗೆ ಅಂಟಿಸುತ್ತಾರೆ. ಕೊನೆಗೆ ಇಡೀ ಕಸುಬು ಗೋಡೆಯ ಮೇಲೆ ಕಾಣುತ್ತದೆ. ಪ್ರತಿ ಚೀಟಿಯೂ ಕ್ರಿಯಾಪದದಲ್ಲಿ ಇರಬೇಕು: 'ಬೇರಿಂಗ್ ಸದ್ದು ಕೇಳಿ ದೋಷ ಗುರುತಿಸುವುದು', 'ಶಿಫ್ಟ್ ಬದಲಾಗುವಾಗ ಬಾಕಿ ಕೆಲಸ ಬರೆದಿಡುವುದು'.

ನೋಡಿ, ಆ ಎರಡನೆಯ ಚೀಟಿಯೇ 'ಕಮ್ಯುನಿಕೇಷನ್'. ಕಂಪನಿಯವರು ಹೇಳಿದ್ದು ಸುಳ್ಳಲ್ಲ. ಅವರಿಗೆ ಬೇಕಾಗಿದ್ದದ್ದು ವೇದಿಕೆಯ ಮೇಲೆ ನಿಂತು ಭಾಷಣ ಮಾಡುವವರಲ್ಲ. ರಾತ್ರಿ ಪಾಳಿಯವರಿಗೆ ಅರ್ಥವಾಗುವ ಹಾಗೆ ನಾಲ್ಕು ಸಾಲು ಬರೆಯುವವರು. ಇದು ಗೊತ್ತಾದರೆ ಪಾಠ ತಾನಾಗಿಯೇ ಸಿಗುತ್ತದೆ. ಪ್ರತಿ ಲ್ಯಾಬ್ ಮುಗಿದ ಮೇಲೆ ವಿದ್ಯಾರ್ಥಿಗಳು ಮುಂದಿನ ಬ್ಯಾಚಿಗೆ ನಾಲ್ಕು ಸಾಲು ಬರೆದಿಡಲಿ. ಆ ಬ್ಯಾಚ್ ಅದನ್ನು ನೋಡಿಯೇ ಕೆಲಸ ಶುರು ಮಾಡಲಿ. ಸರಿಯಾಗಿ ಬರೆದಿಲ್ಲದಿದ್ದರೆ ಬೈಯುವುದು ಮೇಷ್ಟ್ರಲ್ಲ, ಗೆಳೆಯರು.

ಒಂದು ಎಚ್ಚರಿಕೆ. ಒಂದೇ ಕಂಪನಿಯ ಜನರನ್ನು ಕೂರಿಸಿದರೆ ಆ ಕಂಪನಿಯ ಅಭ್ಯಾಸಗಳೇ ಕಸುಬು ಅನ್ನಿಸಿಬಿಡುತ್ತವೆ. ಮೂರ್ನಾಲ್ಕು ಕಂಪನಿಗಳಿಂದ ಕರೆಸಿ.

ಸಲಹಾ ಸಮಿತಿಯಲ್ಲಿ ಯಾರನ್ನ ಇಟ್ಕೊಳ್ಳೋದು?

ಮೇಲ್ವಿಚಾರಕರನ್ನು. ಹೊಸದಾಗಿ ಸೇರಿದವರ ತಪ್ಪುಗಳನ್ನು ದಿನಾ ಸರಿಪಡಿಸುವವರು ಅವರೇ. ಜೊತೆಗೆ ಮೂರು ನಾಲ್ಕು ವರ್ಷದ ಹಿಂದೆ ನಿಮ್ಮಲ್ಲೇ ಓದಿ ಹೋದ ಇಬ್ಬರು. ಅವರಷ್ಟು ನೇರವಾಗಿ ಬೇರೆ ಯಾರೂ ಹೇಳುವುದಿಲ್ಲ. ದೊಡ್ಡ ಹುದ್ದೆಯವರು ಒಬ್ಬರು ಇದ್ದರೆ ಸಾಕು, ಬಾಗಿಲು ತೆಗೆಸಲು. ಸಭೆ ಶುರುವಾಗುವಾಗ ಹಿಂದಿನ ಸಭೆಯಲ್ಲಿ ಹೇಳಿದ್ದರಲ್ಲಿ ಏನೇನು ಮಾಡಿದಿರಿ, ಏನು ಯಾಕೆ ಆಗಲಿಲ್ಲ ಎಂದು ಮೊದಲು ತಿಳಿಸಿ. ಹೇಳಿದ ಮಾತು ಎಲ್ಲಿ ಹೋಯಿತು ಅಂತ ತಿಳಿಯದಿದ್ದರೆ ಮೂರನೆಯ ಸಭೆಗೆ ಯಾರೂ ಬರುವುದಿಲ್ಲ.

ಸಿಲಬಸ್ ಬದಲಾಯಿಸೋ ಅಧಿಕಾರ ನಮಗಿಲ್ಲ, ಎಲ್ಲಾ ಮೇಲಿಂದ ಬರುತ್ತೆ. ಕೈಕಟ್ಟಿ ಕೂತ್ಕೊಳ್ಳೋದಾ?

ಸಿಲಬಸ್‌ನಲ್ಲಿ ಇರುವುದು ವಿಷಯದ ಹೆಸರು. ಉದಾಹರಣೆ, ಲ್ಯಾಬಿನ ಕೆಲಸ, ಪ್ರಾಜೆಕ್ಟ್, ಅಸೈನ್‌ಮೆಂಟ್, ಇವೆಲ್ಲ ನಿಮ್ಮ ಕೈಯಲ್ಲೇ ಇವೆ. 'ಸಂಖ್ಯಾಶಾಸ್ತ್ರ' ಎಂದು ಬರೆದಿದ್ದರೆ ಅದನ್ನು ಪುಸ್ತಕದ ದಾಳಗಳ ಮೇಲೇ ಕಲಿಸಬೇಕೆಂಬ ನಿಯಮ ಯಾವುದೂ ಇಲ್ಲ. ಹತ್ತಿರದ ಕಾರ್ಖಾನೆಯ ಗುಣಮಟ್ಟದ ದಾಖಲೆ ತಂದು ಅದರ ಮೇಲೆ ಕಲಿಸಬಹುದು. ಕಂಪನಿಯ ನಿಜವಾದ ಒಂದು ತೊಂದರೆಯನ್ನು ಕೊನೆಯ ವರ್ಷದ ಪ್ರಾಜೆಕ್ಟ್ ಮಾಡಬಹುದು. ಅಧಿಕಾರ ಇಲ್ಲ ಎನ್ನುವುದು ಅರ್ಧ ನಿಜ, ಇನ್ನರ್ಧ ಸಬೂಬು. ಬೇಸರ ಮಾಡಿಕೊಳ್ಳಬೇಡಿ, ಈ ಸಬೂಬು ನಾನೂ ಬಳಸಿದ್ದೇನೆ.

ಕಂಪನಿಯವರು ಹಳೆ ಯಂತ್ರ ಕೊಡ್ತೀವಿ ಅಂತಿದ್ದಾರೆ. ತಗೊಳ್ಳಬಹುದಾ?

ಅದೇ ಮಾದರಿಯ ಯಂತ್ರ ಅವರಲ್ಲಿ ಇನ್ನೂ ಓಡುತ್ತಿದ್ದರೆ ತೆಗೆದುಕೊಳ್ಳಿ. ಗುಜರಿಗೆ ಹಾಕುವ ಬದಲು ನಿಮಗೆ ಕೊಡುತ್ತಿದ್ದರೆ ಬೇಡ ಎನ್ನಿ. ಬಿಡಿಭಾಗ, ರಿಪೇರಿ, ಅದನ್ನು ನಡೆಸುವ ತಿಳಿವಳಿಕೆ, ಇವು ಮೂರೂ ಯಾರ ತಲೆಗೆ ಎಂದು ಮೊದಲೇ ಕೇಳಿ. ಕೆಟ್ಟ ಯಂತ್ರವನ್ನು ಬಿಚ್ಚಿ ಜೋಡಿಸಲೆಂದೇ ತೆಗೆದುಕೊಂಡರೆ ಮಾತು ಬೇರೆ, ಅದಕ್ಕಿಂತ ಒಳ್ಳೆ ಪಾಠವಿಲ್ಲ.

ಪಾಠ ಮಾಡೋರಿಗೇ ಹೊರಗಿನ ಕೆಲಸದ ಅನುಭವ ಇಲ್ಲದಿದ್ರೆ?

ಮೊದಲು ಅವರನ್ನೇ ಕಳಿಸಿ. ರಜೆಯಲ್ಲಿ ಮೂರ್ನಾಲ್ಕು ವಾರ, ಸಂಬಳ ಸಹಿತ. ನೋಡಿ ಬರಲು ಅಲ್ಲ, ಒಂದು ಸಣ್ಣ ಕೆಲಸವನ್ನು ಕೈಯಾರೆ ಮಾಡಿ ಬರಲು. ನನಗೆ ಗೊತ್ತಿರುವ ಮಟ್ಟಿಗೆ ಇಡೀ ಪಾಲುದಾರಿಕೆಯಲ್ಲಿ ಹಾಕಿದ ದುಡ್ಡಿಗೆ ಜಾಸ್ತಿ ಫಲ ಕೊಡುವುದು ಇದೇ. ಒಬ್ಬ ವಿದ್ಯಾರ್ಥಿ ಇಂಟರ್ನ್‌ಶಿಪ್‌ಗೆ ಹೋದರೆ ಒಬ್ಬರೇ ಕಲಿಯುತ್ತಾರೆ. ಒಬ್ಬ ಉಪನ್ಯಾಸಕಿ ಹೋಗಿ ಬಂದರೆ ಮುಂದಿನ ಹತ್ತು ಬ್ಯಾಚ್ ಕಲಿಯುತ್ತವೆ. ಅಷ್ಟಾದರೂ ಇದಕ್ಕೆ ಬಜೆಟ್‌ನಲ್ಲಿ ಜಾಗ ಸಿಗುವುದೇ ಅಪರೂಪ. ಅದೇ ದುಡ್ಡಿಗೆ ಸಭಾಂಗಣದ ಹೊಸ ಸೌಂಡ್ ಸಿಸ್ಟಮ್ ಬಂದಿರುತ್ತದೆ.

## ಕಂಪನಿಯ ಕಡೆಯಿಂದ

ನಾವು ಕಷ್ಟಪಟ್ಟು ಕಲಿಸ್ತೀವಿ, ಪಕ್ಕದ ಕಂಪನಿಯವರು ಎತ್ತಾಕ್ಕೊಂಡು ಹೋಗ್ತಾರೆ. ನಮಗೇನು ಬಂತು?

ಈ ಭಯ ಸುಳ್ಳಲ್ಲ. ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1960ರ ದಶಕದಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಎಲ್ಲ ಕಡೆ ಬೆಲೆ ಇರುವ ಕೌಶಲಕ್ಕೆ ಕಂಪನಿ ದುಡ್ಡು ಹಾಕಲು ಹಿಂಜರಿಯುತ್ತದೆ, ಏಕೆಂದರೆ ಕಲಿತವರು ಅದನ್ನು ಹೊತ್ತುಕೊಂಡು ಹೋಗಬಹುದು. ತನಗೆ ಮಾತ್ರ ಬೇಕಾದ ಕೌಶಲಕ್ಕೆ ಅಷ್ಟು ಹಿಂಜರಿಯುವುದಿಲ್ಲ. ಕಾಲೇಜು ಬೇಕಾಗುವುದು ಇಲ್ಲೇ. ಸಾಮಾನ್ಯ ಕೌಶಲದ ಖರ್ಚನ್ನು ಅದು ಹೊತ್ತರೆ ನಿಮ್ಮ ಪಾಲು ಕಡಿಮೆಯಾಗುತ್ತದೆ.

ಲೆಕ್ಕವನ್ನು ಇನ್ನೊಂದು ಕಡೆಯಿಂದಲೂ ನೋಡಿ. ಸ್ವಿಟ್ಜರ್‌ಲೆಂಡ್ ಮತ್ತು ಜರ್ಮನಿಯ ಕಂಪನಿಗಳ ಖರ್ಚು ವೆಚ್ಚ ಹೋಲಿಸಿದ ಅಧ್ಯಯನಗಳಿವೆ. ಸ್ವಿಸ್ ಕಂಪನಿಗಳಲ್ಲಿ ಹೆಚ್ಚಿನವು ತರಬೇತಿಯ ಅವಧಿಯಲ್ಲೇ ತಮ್ಮ ಖರ್ಚನ್ನು ವಾಪಸ್ ಪಡೆಯುತ್ತವೆ, ಏಕೆಂದರೆ ಅಲ್ಲಿ ಅಪ್ರೆಂಟಿಸ್‌ಗಳಿಗೆ ಉಪಯೋಗಕ್ಕೆ ಬರುವ ಕೆಲಸವನ್ನೇ ಜಾಸ್ತಿ ಕೊಡುತ್ತಾರೆ. ಹೀಗಾಗಿ ಯಾರಾದರೂ ಬಿಟ್ಟು ಹೋದರೂ ನಷ್ಟವಿಲ್ಲ. ಜರ್ಮನಿಯಲ್ಲಿ ಹೆಚ್ಚಿನ ಕಂಪನಿಗಳಿಗೆ ತರಬೇತಿ ಮುಗಿಯುವಾಗ ಕೈಯಿಂದ ಹೋದದ್ದೇ ಜಾಸ್ತಿ. ಆಮೇಲೆ ಅದೇ ಜನರನ್ನು ಕೆಲಸಕ್ಕೆ ಉಳಿಸಿಕೊಂಡು, ಹೊಸಬರನ್ನು ಹುಡುಕುವ ಖರ್ಚು ತಪ್ಪಿಸಿಕೊಂಡು ಸರಿದೂಗಿಸುತ್ತವೆ. ಅಂದರೆ ಕಲಿಯುವವರಿಗೆ ನಿಜವಾದ ಕೆಲಸ ಕೊಡಿ, ಇಲ್ಲವೇ ಉಳಿಯಬೇಕು ಅನ್ನಿಸುವ ಹಾಗೆ ನಡೆಸಿಕೊಳ್ಳಿ. ಎರಡೂ ಮಾಡದವರೇ 'ಎತ್ತಾಕ್ಕೊಂಡು ಹೋದ್ರು' ಎಂದು ಹೆಚ್ಚಾಗಿ ದೂರುವುದು.

ಕಲಿಸುವವರು, ಕಲಿಸದವರು ಎನ್ನದೆ ಕಂಪನಿಗಳಿಂದ ತರಬೇತಿಗೆ ವಂತಿಗೆ ಎತ್ತಿದ ದೇಶಗಳೂ ಇವೆ. ಫ್ರಾನ್ಸಿನಲ್ಲಿ 1925ರಿಂದ ಅಪ್ರೆಂಟಿಸ್ ತೆರಿಗೆ ಇದೆ. ಬ್ರೆಜಿಲ್‌ನಲ್ಲಿ 1942ರಲ್ಲಿ ಶುರುವಾದ ಸೆನಾಯ್ ತರಬೇತಿ ಸಂಸ್ಥೆ ಕೈಗಾರಿಕೆಗಳ ಸಂಬಳದ ಮೊತ್ತದ ಶೇಕಡಾ 1ರಷ್ಟು ವಂತಿಗೆಯಿಂದ ನಡೆಯುತ್ತದೆ. ಬ್ರಿಟನ್ 2017ರಲ್ಲಿ ದೊಡ್ಡ ಕಂಪನಿಗಳ ಮೇಲೆ ಸಂಬಳದ ಮೊತ್ತದ ಶೇಕಡಾ 0.5ರ ವಂತಿಗೆ ಹಾಕಿತು. ಕಲಿಸದವರೂ ದುಡ್ಡು ಕಟ್ಟಬೇಕಾದರೆ ಪುಕ್ಕಟೆ ಲಾಭದ ರುಚಿ ಕಡಿಮೆಯಾಗುತ್ತದೆ.

ನಮ್ಮದು ಹನ್ನೆರಡು ಜನರ ಸಣ್ಣ ವರ್ಕ್‌ಶಾಪ್. ಇದೆಲ್ಲ ದೊಡ್ಡವರ ಆಟ ಅಲ್ವಾ?

ಒಬ್ಬರೇ ಆಡಿದರೆ ಹೌದು. ನಾಲ್ಕಾರು ಮಂದಿ ಸೇರಿದರೆ ಅಲ್ಲ. ಆಸ್ಟ್ರೇಲಿಯಾದಲ್ಲಿ ಗ್ರೂಪ್ ಟ್ರೇನಿಂಗ್ ಸಂಸ್ಥೆಗಳಿವೆ. ಅಪ್ರೆಂಟಿಸ್‌ಗಳು ಆ ಸಂಸ್ಥೆಯ ನೌಕರರು. ಸಂಸ್ಥೆ ಅವರನ್ನು ಸಣ್ಣ ಕಂಪನಿಗಳಿಗೆ ಸರದಿಯಂತೆ ಕಳಿಸುತ್ತದೆ. ಒಂದು ಕಡೆ ಕೆಲಸ ಕಮ್ಮಿಯಾದರೆ ಇನ್ನೊಂದು ಕಡೆಗೆ. ಕಾಗದಪತ್ರದ ತಲೆನೋವು ವರ್ಕ್‌ಶಾಪ್ ಮಾಲೀಕರಿಗಿಲ್ಲ. ಅಮೆರಿಕದ ಕೆಂಟಕಿಯಲ್ಲಿ 2010ರಲ್ಲಿ ಟೊಯೋಟಾ ಶುರು ಮಾಡಿದ ಫೇಮ್ ಎಂಬ ಕಾರ್ಯಕ್ರಮದಲ್ಲೂ ಆಮೇಲೆ ಹಲವು ಕಾರ್ಖಾನೆಗಳು ಸೇರಿಕೊಂಡವು. ಅಲ್ಲಿನ ವಿದ್ಯಾರ್ಥಿಗಳಿಗೆ ವಾರಕ್ಕೆ ಎರಡು ದಿನ ಕಾಲೇಜು, ಮೂರು ದಿನ ಸಂಬಳದ ಕೆಲಸ.

ಸಣ್ಣ ವರ್ಕ್‌ಶಾಪಿನ ಪರವಾಗಿ ಇನ್ನೊಂದು ಮಾತು. ದೊಡ್ಡ ಕಾರ್ಖಾನೆಯಲ್ಲಿ ಕಲಿಯುವವರು ಆರು ತಿಂಗಳು ಒಂದೇ ಮೂಲೆಯಲ್ಲಿ ನಿಂತಿರಬಹುದು. ನಿಮ್ಮಲ್ಲಿ ಗಿರಾಕಿ ಬಂದು ಕೇಳುವುದರಿಂದ ಹಿಡಿದು ಬಿಲ್ ಬರೆಯುವ ತನಕ ಎಲ್ಲ ಅವರ ಕಣ್ಣ ಮುಂದೆಯೇ ನಡೆಯುತ್ತದೆ.

ಇಂಟರ್ನ್‌ಗೆ ದುಡ್ಡು ಕೊಡಲೇಬೇಕಾ?

ಕೊಡಿ. ಪುಕ್ಕಟೆ ಇಂಟರ್ನ್‌ಶಿಪ್ ಮಾಡಲು ಆಗುವುದು ಮನೆಯಲ್ಲಿ ಅನುಕೂಲ ಇರುವವರಿಗೆ ಮಾತ್ರ. ದುಡಿದೇ ಓದಬೇಕಾದವರು ಹೊರಗೆ ಉಳಿಯುತ್ತಾರೆ. ಇನ್ನೊಂದು ಗುಟ್ಟು: ದುಡ್ಡು ಕೊಟ್ಟು ಇಟ್ಟುಕೊಂಡವರಿಗೆ ಮಾತ್ರ ಮೇಲ್ವಿಚಾರಕರು ಸರಿಯಾದ ಕೆಲಸ ಹುಡುಕಿ ಕೊಡುತ್ತಾರೆ. ಇಲ್ಲದಿದ್ದರೆ ಜೆರಾಕ್ಸ್ ಮಾಡಿಸುತ್ತಾ ಕೂರಿಸುತ್ತಾರೆ.

## ಇನ್ನೂ ಒಳಗೆ ಹೋದಾಗ

ಒಂದು ಕಂಪನಿಗೆ ಬೇಕಾದ ಹಾಗೇ ಕಲಿಸಿಬಿಟ್ರೆ ಆ ಮಕ್ಕಳ ಮುಂದಿನ ಗತಿ ಏನು?

ಇಡೀ ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಪ್ರಶ್ನೆ ಇದು. ಅರ್ಥಶಾಸ್ತ್ರಜ್ಞ ಎರಿಕ್ ಹನುಶೆಕ್ ಮತ್ತು ಜೊತೆಗಾರರು 11 ದೇಶಗಳ ಮಾಹಿತಿ ಇಟ್ಟುಕೊಂಡು 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೇ ಕೈ ಹಾಕಿತು. ವೃತ್ತಿ ಶಿಕ್ಷಣ ಪಡೆದವರಿಗೆ ಎಳೆಯ ವಯಸ್ಸಿನಲ್ಲಿ ಬೇಗ ಕೆಲಸ ಸಿಗುತ್ತದೆ. ವಯಸ್ಸಾಗುತ್ತಾ ಹೋದಂತೆ ಆ ಅನುಕೂಲ ಕರಗಿ, ಸಾಮಾನ್ಯ ಶಿಕ್ಷಣ ಪಡೆದವರೇ ಕೆಲಸದಲ್ಲಿ ಜಾಸ್ತಿ ಉಳಿದಿರುತ್ತಾರೆ. ತಂತ್ರಜ್ಞಾನ ಬದಲಾದಾಗ ಹೊಸದಕ್ಕೆ ಹೊಂದಿಕೊಳ್ಳುವುದು ಕಷ್ಟವಾಗುವುದೇ ಕಾರಣ ಎಂದು ಅವರ ವಿವರಣೆ. ಅಪ್ರೆಂಟಿಸ್ ಪದ್ಧತಿ ಬಲವಾಗಿರುವ ದೇಶಗಳಲ್ಲೇ ಇದು ಎದ್ದು ಕಂಡಿತು. 2020ರಲ್ಲಿ ಡೇವಿಡ್ ಡೆಮಿಂಗ್ ಮತ್ತು ಕದೀಮ್ ನೊರೆ ಎಂಬ ಸಂಶೋಧಕರು ಎಂಜಿನಿಯರಿಂಗ್, ಕಂಪ್ಯೂಟರ್ ಓದಿದವರಲ್ಲೂ ಇಂಥದ್ದೇ ನೋಡಿದರು. ಅವರಿಗೆ ಶುರುವಿನಲ್ಲಿ ಸಂಬಳ ತುಂಬಾ ಮುಂದಿರುತ್ತದೆ, ಆದರೆ ಕೌಶಲಗಳು ಬೇಗ ಹಳತಾಗುವುದರಿಂದ ಆ ಅಂತರ ಬರಬರುತ್ತಾ ಕಡಿಮೆಯಾಗುತ್ತದೆ.

ಹಾಗಂತ ಕಂಪನಿಯ ಕಡೆ ತಲೆ ಹಾಕಲೇಬಾರದು ಎಂದಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಕೆಲಸ ಸಿಗದಿರುವುದೂ ಸಣ್ಣ ನಷ್ಟವಲ್ಲ. ನಾನು ಮಾಡುವ ವಿಂಗಡಣೆ ಹೀಗೆ. ಒಂದು ಬ್ರ್ಯಾಂಡಿನ ಯಂತ್ರದ ಗುಂಡಿಗಳನ್ನು ಕಂಪನಿ ಕಲಿಸಲಿ, ಅದಕ್ಕೆ ಎರಡು ವಾರ ಸಾಕು. ಆ ಯಂತ್ರ ಯಾಕೆ ಹಾಗೆ ನಡೆಯುತ್ತದೆ ಎನ್ನುವುದನ್ನು ಕಾಲೇಜು ಕಲಿಸಲಿ. ಗಣಿತ, ಓದಿ ಅರ್ಥ ಮಾಡಿಕೊಳ್ಳುವುದು, ಬರೆಯುವುದು, ಇವುಗಳ ಗಂಟೆ ಕಡಿಮೆ ಮಾಡಿ ಅಂತ ಕಂಪನಿ ಕೇಳಿದರೆ ಒಪ್ಪಬೇಡಿ. ಕಂಪನಿಗೆ ಈ ವರ್ಷದ ಖಾಲಿ ಹುದ್ದೆಯ ಚಿಂತೆ. ವಿದ್ಯಾರ್ಥಿಗೆ ಇನ್ನೂ ನಲವತ್ತು ವರ್ಷದ ದುಡಿಮೆ ಇದೆ. ಮೇಜಿನ ಸುತ್ತ ಕೂತವರಲ್ಲಿ ಆ ನಲವತ್ತು ವರ್ಷದ ಪರವಾಗಿ ಮಾತಾಡಲು ಕಾಲೇಜು ಬಿಟ್ಟರೆ ಬೇರೆ ಯಾರೂ ಇಲ್ಲ.

ಯಾವ ಕೆಲಸಕ್ಕೆ ಎಷ್ಟು ಬೇಡಿಕೆ ಬರುತ್ತೆ ಅಂತ ಮೊದಲೇ ಹೇಗೆ ಗೊತ್ತಾಗುತ್ತೆ?

ಪೂರ್ತಿ ಗೊತ್ತಾಗುವುದಿಲ್ಲ. ರಿಚರ್ಡ್ ಫ್ರೀಮನ್ ಎಂಬ ಅರ್ಥಶಾಸ್ತ್ರಜ್ಞ 1970ರ ದಶಕದಲ್ಲಿ ಎಂಜಿನಿಯರ್‌ಗಳ ವಿಷಯದಲ್ಲಿ ಒಂದು ತೂಗುಯ್ಯಾಲೆಯನ್ನು ತೋರಿಸಿದರು. ಸಂಬಳ ಜಾಸ್ತಿ ಎಂದು ಈ ವರ್ಷ ಎಲ್ಲರೂ ನುಗ್ಗುತ್ತಾರೆ. ನಾಲ್ಕು ವರ್ಷ ಬಿಟ್ಟು ಎಲ್ಲರೂ ಒಟ್ಟಿಗೆ ಹೊರಬರುವಾಗ ಸಂಬಳ ಇಳಿದಿರುತ್ತದೆ. ಅದನ್ನು ನೋಡಿ ಮುಂದಿನವರು ಸೇರುವುದಿಲ್ಲ, ಮತ್ತೆ ಕೊರತೆ.

ಹಾಗಾಗಿ 'ಮುಂದಿನ ಐದು ವರ್ಷದಲ್ಲಿ ಇಷ್ಟು ಸಾವಿರ ಜನ ಬೇಕು' ಎಂಬ ಭವಿಷ್ಯವಾಣಿಗಿಂತ ಕಂಪನಿ ಈಗ ಕೊಡುವ ಅಪ್ರೆಂಟಿಸ್ ಸೀಟನ್ನು ನಾನು ಜಾಸ್ತಿ ನಂಬುತ್ತೇನೆ. ಭವಿಷ್ಯ ಹೇಳಲು ದುಡ್ಡು ಬೇಡ, ಸೀಟು ಕೊಡಲು ಬೇಕು. ಕೋರ್ಸನ್ನೂ ಹಾಗೇ ಕಟ್ಟಿ: ಮೊದಲ ವರ್ಷ ಹಲವು ಕಸುಬುಗಳಿಗೆ ಸಾಮಾನ್ಯವಾದದ್ದು, ಕವಲು ಒಡೆಯುವುದು ಆದಷ್ಟು ತಡವಾಗಿ.

ಸರ್ಟಿಫಿಕೇಟ್ ಯಾರು ಕೊಡಬೇಕು, ಕಾಲೇಜಾ ಕಂಪನಿಯಾ?

ಸಾಧ್ಯವಾದರೆ ಇಬ್ಬರೂ ಅಲ್ಲದ ಮೂರನೆಯವರು. ಜರ್ಮನಿಯಲ್ಲಿ ಕಸುಬಿನ ಕೊನೆಯ ಪರೀಕ್ಷೆ ನಡೆಸುವುದು ವಾಣಿಜ್ಯ ಮತ್ತು ಕುಶಲಕರ್ಮಿಗಳ ಸಂಘಗಳು. ಯಾವ ಕಸುಬಿಗೆ ಏನೇನು ಕಲಿಸಬೇಕು ಎನ್ನುವ ನಿಯಮವನ್ನು ಮಾಲೀಕರು, ಕಾರ್ಮಿಕ ಸಂಘಗಳು, ಸರ್ಕಾರ ಸೇರಿ ಬರೆಯುತ್ತಾರೆ. ಹೀಗೆ ಮಾನ್ಯತೆ ಪಡೆದ ಕಸುಬುಗಳು 300ಕ್ಕೂ ಹೆಚ್ಚಿವೆ, 1969ರ ಕಾನೂನು ಇದಕ್ಕೆಲ್ಲ ಆಧಾರ. ಲಾಭ ಸ್ಪಷ್ಟ: ಒಂದು ಕಂಪನಿ ಮುಚ್ಚಿದರೂ ಆ ಕಾಗದಕ್ಕೆ ಬೇರೆ ಊರಿನ ಕಂಪನಿಯಲ್ಲಿ ಬೆಲೆ ಇರುತ್ತದೆ.

ಪ್ಲೇಸ್‌ಮೆಂಟ್ ಪರ್ಸೆಂಟೇಜ್ ಬಿಟ್ಟು ಇನ್ನೇನು ಅಳೆಯೋದು?

ಒಂದು ವರ್ಷದ ನಂತರವೂ ಅದೇ ಕಸುಬಿನಲ್ಲಿ ಇದ್ದಾರಾ, ಸಂಬಳ ಎಷ್ಟಾಗಿದೆ ಎನ್ನುವುದನ್ನು. ಪ್ಲೇಸ್‌ಮೆಂಟ್ ಸಂಖ್ಯೆಯನ್ನು ಉಬ್ಬಿಸುವುದು ಬಹಳ ಸುಲಭ. ಕೈಗೆ ಆಫರ್ ಪತ್ರ ಕೊಟ್ಟು ಮೂರು ತಿಂಗಳಲ್ಲಿ ಕಳಿಸಿದರೂ ಅದು 'ಪ್ಲೇಸ್‌ಮೆಂಟ್'.

ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯನ್ನು ಅಳೆಯಲು ನಾಲ್ಕು ಮೆಟ್ಟಿಲು ಹೇಳಿದ್ದರು: ಕಲಿತವರಿಗೆ ಇಷ್ಟವಾಯಿತೇ, ಏನಾದರೂ ಕಲಿತರೇ, ಕೆಲಸದ ಜಾಗದಲ್ಲಿ ಅದನ್ನು ಬಳಸಿದರೇ, ಅದರಿಂದ ಫಲ ಬಂತೇ. ಹೆಚ್ಚಿನ ಕಾಲೇಜುಗಳು ಎರಡನೆಯ ಮೆಟ್ಟಿಲಲ್ಲೇ ಕೂತುಬಿಡುತ್ತವೆ. ಮೂರನೆಯದಕ್ಕೆ ಹತ್ತಬೇಕಾದರೆ ಆರು ತಿಂಗಳ ನಂತರ ಮೇಲ್ವಿಚಾರಕರಿಗೆ ಒಂದು ಫೋನ್ ಸಾಕು. 'ಹೇಗಿದ್ದಾರೆ' ಅಂತ ಕೇಳಬೇಡಿ, 'ಚೆನ್ನಾಗಿದ್ದಾರೆ' ಅಂತಾರೆ. 'ಇನ್ನೂ ಯಾವ ಕೆಲಸ ಅವರೊಬ್ಬರ ಕೈಗೆ ಬಿಡೋಕೆ ನಿಮಗೆ ಧೈರ್ಯ ಇಲ್ಲ' ಅಂತ ಕೇಳಿ. ಆ ಉತ್ತರವೇ ಮುಂದಿನ ವರ್ಷದ ಪಾಠ.

ಮಧ್ಯದಲ್ಲಿ ಕಂಪನಿ ಕೈಕೊಟ್ರೆ ಸೇರಿಕೊಂಡಿರೋ ಮಕ್ಕಳ ಕಥೆ?

ಇದನ್ನು ಮೊದಲ ದಿನವೇ ಬರೆದುಕೊಳ್ಳಬೇಕು. ಆಗ ಕೇಳಲು ಮುಜುಗರ ಆಗುತ್ತದೆ, ಆದರೂ ಕೇಳಿ. ಕರಾರಿನಲ್ಲಿ ಮೂರು ಸಾಲು ಇರಲಿ: ಯಾವ ಕಡೆಯವರು ಬಿಡುವುದಿದ್ದರೂ ಒಂದು ಪೂರ್ತಿ ಸೆಮಿಸ್ಟರ್ ಮೊದಲೇ ತಿಳಿಸಬೇಕು, ಆಗಲೇ ಸೇರಿದ ಬ್ಯಾಚನ್ನು ಕಂಪನಿ ಮುಗಿಸಿಕೊಡಬೇಕು, ಅದು ಆಗದೇ ಹೋದರೆ ಬೇರೆ ಕಂಪನಿಯಲ್ಲಿ ಜಾಗ ಹುಡುಕುವ ಖರ್ಚು ಅವರದ್ದು. ಎರಡನೆಯ ಕಂಪನಿಯ ಹೆಸರನ್ನು ಕರಾರಿಗೆ ಸಹಿ ಹಾಕುವ ಮೊದಲೇ ಹುಡುಕಿ ಇಟ್ಟುಕೊಳ್ಳಿ, ಅವರಿಗೂ ಒಂದು ಮಾತು ಹೇಳಿಟ್ಟಿರಿ.